ದೇವರ ಮುಂದೆ ಇಟ್ಟ ಕವರು

ನನ್ನ ಹೊಟ್ಟೆಯೊಳಗಿನ ಗಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಒಂಬತ್ತು ದಿನ ನಮ್ಮ ಮನೆಯ ದೇವರ ಕೋಣೆಯಲ್ಲಿ, ವಿಭೂತಿ ತಟ್ಟೆಯ ಕೆಳಗೆ ಇತ್ತು. ನಾನು ಅಡುಗೆಮನೆಯಲ್ಲಿದ್ದೆ. ನಡುವೆ ಇದ್ದದ್ದು ಹನ್ನೆರಡು ಹೆಜ್ಜೆ, ಒಂದು ಹೊಸ್ತಿಲು. ಬಾಗಿಲಿಗೆ ಬೀಗ ಇರಲಿಲ್ಲ. ಹಾಗಾದರೆ ನಿಮಗೆ ಕಾಲು ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದ್ದವು. ನನ್ನ ಹೊಟ್ಟೆಯುರಿ ಅದೇ.

ಮುಟ್ಟು ನಿಲ್ಲುವ ವಯಸ್ಸು ನನ್ನದು. ನಿಲ್ಲುವ ಬದಲು ತಿಂಗಳಲ್ಲಿ ಇಪ್ಪತ್ತು ದಿನ ಹೋಗತೊಡಗಿತು. ಕಿಬ್ಬೊಟ್ಟೆಯ ಎಡಕ್ಕೆ ಏನೋ ಭಾರ. ಅಜ್ಜಂಪುರದಿಂದ ತರೀಕೆರೆಗೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಅಂಡಾಶಯದಲ್ಲಿ ಮೋಸಂಬಿಯಷ್ಟು ದೊಡ್ಡ ಸಿಸ್ಟ್ ಇದೆ ಎಂದರು ಡಾಕ್ಟರಮ್ಮ.

"ಇಂಥವು ಬಹಳಷ್ಟು ಏನೂ ಮಾಡಲ್ಲ. ಆದ್ರೆ ನಿಮ್ಮ ವಯಸ್ಸಿಗೆ ಸುಮ್ನೆ ಬಿಡೋಕಾಗಲ್ಲ. ರಕ್ತ ಕೊಟ್ಟು ಹೋಗಿ."

"ಕ್ಯಾನ್ಸರ್ ಇರಬಹುದಾ ಮೇಡಂ?"

"ರಿಪೋರ್ಟ್ ನೋಡ್ದೆ ಇಲ್ಲ ಅಂತ ಹೆಂಗೆ ಹೇಳ್ಲಿ?"

ನ್ಯಾಯವಾದ ಮಾತೇ. ಆದರೆ ಬಸ್ಸಿನಲ್ಲಿ ಬರುವಾಗ ನನಗೆ ನೆನಪಾದದ್ದು ನಮ್ಮ ದೊಡ್ಡಮ್ಮ. ಹೊಟ್ಟೆ ಊದಿಕೊಂಡು, ಕೈಕಾಲು ಕಡ್ಡಿಯಾಗಿ ಸತ್ತವರು. ಮನೆಯಲ್ಲಿ ಅದಕ್ಕೊಂದು ಹೆಸರನ್ನೇ ಇಡಲಿಲ್ಲ, ಹೊಟ್ಟೆನೋವು ಅಂದರು ಅಷ್ಟೆ. ಅವರಿಗಾದರೂ ಗೊತ್ತಿತ್ತೋ ಇಲ್ಲವೋ, ಕೇಳಲು ಈಗ ಯಾರೂ ಉಳಿದಿಲ್ಲ.

ನಾಲ್ಕನೇ ದಿನ ತರೀಕೆರೆಯಿಂದ ರಿಪೋರ್ಟು ತಂದವರು ನಮ್ಮ ಮನೆಯವರು. ಅವರದು ಪೇಟೆಯಲ್ಲಿ ಮೋಟಾರು, ಪೈಪಿನ ಅಂಗಡಿ. ಕವರಿಗೆ ಎರಡು ಪಿನ್ ಹೊಡೆದಿತ್ತು. ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬರುವಷ್ಟರಲ್ಲಿ ಅದು ಅತ್ತೆಯ ಕೈಯಲ್ಲಿತ್ತು. ಇನ್ನು ಒಂಬತ್ತು ದಿನಕ್ಕೆ ನನ್ನ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಕಡೂರಿನವರು.

"ಶಾಸ್ತ್ರ ಮುಗಿಯೋವರ್ಗೂ ಇದನ್ನ ಯಾರೂ ಬಿಚ್ಬೇಡಿ," ಅಂದರು ಅತ್ತೆ. "ತಾಯಿಗೆ ಆ ಕಾಯ್ಲೆ ಐತೆ ಅಂದ್ರೆ ಮಗ್ಳಿಗೂ ಬತ್ತದೆ ಅಂತ ಆಡ್ಕತಾರೆ. ನಾಳೆ ಅಯ್ಯನೋರ ಮುಂದೆ ಕೂತು, ಮನೇಲಿ ಎಲ್ಲ ಸೌಖ್ಯನಾ ಅಂತ ಬೀಗ್ರು ಕೇಳಿದ್ರೆ ಏನ್ ಹೇಳ್ತೀರಾ? ಗೊತ್ತಿದ್ದು ಇಲ್ಲ ಅಂದ್ರೆ ಸುಳ್ಳು. ಗೊತ್ತೇ ಇಲ್ದಿದ್ರೆ ಸುಳ್ಳು ಹೆಂಗಾಯ್ತದೆ?"

ಎಂಥ ತಲೆ ನೋಡಿ. ಯಾವ ವಕೀಲನಿಗೂ ಹೊಳೆಯದ ಉಪಾಯ. ಕವರನ್ನು ದೇವರ ಮುಂದೆ ಇಟ್ಟು, ಮೇಲೆ ವಿಭೂತಿ ತಟ್ಟೆ ಇಟ್ಟು, ಕೈಮುಗಿದು ಬಂದರು. ನಾನೂ ಹೂಂ ಅಂದೆ. ಸುಳ್ಳೇಕೆ ಹೇಳಲಿ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದಿತ್ತು, ತಪ್ಪಿಹೋದರೆ ಎಂದು ನನಗೂ ಹೆದರಿಕೆ. ಅವಳಿಗೂ ಏನೂ ತಿಳಿಸಲಿಲ್ಲ.

ಸಂಜೆಯಷ್ಟರಲ್ಲಿ ನನ್ನ ಹೂಂ ನನಗೇ ವಿಷವಾಯಿತು. ಹೋಗಿ ಕವರು ಬಿಚ್ಚಿಬಿಡೋಣ ಎಂದು ಎದ್ದೆ. ಹೊಸ್ತಿಲವರೆಗೆ ಹೋದೆ. ಅಲ್ಲಿ ನಿಂತೆ. ನನಗೆ ಇನ್ನೂ ಮುಟ್ಟು ಹೋಗುತ್ತಿತ್ತಲ್ಲ.

ನಮ್ಮವರಲ್ಲಿ ಮುಟ್ಟಿನ ಸೂತಕವೇ ಇಲ್ಲ, ಶರಣರು ಅದನ್ನು ಎಂದೋ ಕಿತ್ತು ಹಾಕಿದ್ದಾರೆ ಎಂದು ಮಠದ ಸ್ವಾಮಿಗಳು ಸಭೆಸಭೆಯಲ್ಲೂ ಹೇಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ಅತ್ತೆ ತಲೆದೂಗುತ್ತಾರೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಹಳೆಯ ಕಾನೂನು. ನಾನು ಬಿ.ಎ. ಓದಿದವಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಹೊಟ್ಟೆಯೊಳಗೆ ಸಾವು ಕೂತಿದೆಯೋ ಏನೋ ಎಂದು ನಡುಗುತ್ತಲೇ, ಮೈಲಿಗೆಯಾದೀತು ಎಂದು ಹಿಂದಕ್ಕೆ ಬಂದೆ. ಆ ಒಂಬತ್ತು ದಿನ ಹೊಸ್ತಿಲವರೆಗೆ ಕಸ ಗುಡಿಸಿದೆ. ಕವರಿನ ಒಂದು ಮೂಲೆ ಅಲ್ಲಿಂದಲೇ ಕಾಣುತ್ತಿತ್ತು.

ನಾನು ಹೀಗೆ ಒಳಗೊಳಗೇ ಬೇಯುತ್ತಿದ್ದರೆ ನಮ್ಮ ಮನೆಯವರು ಮಧ್ಯಾಹ್ನ ಬಂದು, ಎರಡು ಮುದ್ದೆ ಉಂಡು, ಹಜಾರದ ಮಂಚದ ಮೇಲೆ ಉರುಳಿದರೆ ಹತ್ತೇ ನಿಮಿಷಕ್ಕೆ ಗೊರಕೆ. ಹೆಂಡತಿ ಸಾಯುತ್ತಾಳೋ ಬದುಕುತ್ತಾಳೋ ಗೊತ್ತಿಲ್ಲದಾಗ ಹೀಗೂ ನಿದ್ದೆ ಬರುತ್ತದೆಯೇ ಎಂದು ಪಾತ್ರೆ ಕುಕ್ಕುತ್ತಿದ್ದೆ. ಕಲ್ಲು ಮನುಷ್ಯ ಎಂದು ಶಪಿಸಿದೆ. ಒಂದು ದಿನ ತಡೆಯಲಾರದೆ ಕೇಳಿಯೂ ಕೇಳಿದೆ.

"ಏನ್ರೀ, ನಿಮಗೇನೂ ಭಯ ಆಗಲ್ವಾ?"

"ಎಲ್ಲಾ ಸರಿ ಹೋಗ್ತದೆ ಸುಮ್ನಿರೇ," ಅಂದು ಮಗ್ಗುಲು ಬದಲಿಸಿದರು.

ನಿಶ್ಚಿತಾರ್ಥದ ದಿನ ಬೀಗಿತ್ತಿ ನನ್ನ ಮುಖ ನೋಡಿ, "ಯಾಕ್ರೀ, ಭಾಳ ಇಳಿದು ಹೋಗಿದ್ದೀರಲ್ಲ," ಅಂದರು. ಅತ್ತೆ ಮುಂದೆ ಬಿದ್ದು, "ಗ್ಯಾಸ್ಟ್ರಿಕ್ ಕಣ್ರೀ, ಹೊತ್ತಿಗೆ ಸರಿಯಾಗಿ ಉಣ್ಣಲ್ಲ," ಅಂದರು. ನಾನು ನಕ್ಕು ಇನ್ನೊಂದು ಹೋಳಿಗೆ ಬಡಿಸಿದೆ. ಅಯ್ಯನವರು ಮಂತ್ರ ಹೇಳಿದರು, ಎರಡೂ ಕಡೆಯವರು ತಟ್ಟೆ ಬದಲಾಯಿಸಿಕೊಂಡರು, ಎಲ್ಲರೂ ಅಕ್ಕಿ ಹಾಕಿದರು. ಸೌಖ್ಯವೇ ಎಂದು ಯಾರೂ ಕೇಳಲಿಲ್ಲ.

ಅವರ ವ್ಯಾನು ಕಡೂರಿನ ಕಡೆ ತಿರುಗಿದ್ದೇ ತಡ, "ಈಗಲಾದ್ರೂ ಕವರು ಬಿಚ್ರಿ," ಅಂದೆ.

"ಬಿಚ್ಚೋದೇನೈತೆ," ಅಂದರು ನಮ್ಮ ಮನೆಯವರು, ಪಂಚೆ ಸಡಿಲಿಸಿಕೊಳ್ಳುತ್ತ. "ನಾರ್ಮಲ್ ಐತೆ. ಲ್ಯಾಬಿನೋನು ಕೈಗೆ ಕೊಡುವಾಗ್ಲೇ ಹೇಳ್ದ."

"ಗೊತ್ತಿತ್ತಾ ನಿಮಗೆ?"

"ಅವ್ವ ಬಿಚ್ಬೇಡಿ ಅಂತು. ನಾನು ಬಿಚ್ಲಿಲ್ವಲ್ಲ. ಕೆಟ್ಟದ್ದಾಗಿದ್ರೆ ಹೇಳ್ತಿದ್ದೆ. ಒಳ್ಳೇದೇ ಇತ್ತು, ಹೇಳೋದೇನಿತ್ತು?"

ಅತ್ತೆ ಮಗನ ನಿಯತ್ತನ್ನು ಮೆಚ್ಚಿಕೊಂಡರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಇಲ್ಲಿ ಬೆಕ್ಕಿಗೆ ತಾನು ಆಟವಾಡಿದ್ದೂ ಗೊತ್ತಿರಲಿಲ್ಲ. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಖುಷಿಗಲ್ಲ, ಸಿಟ್ಟಿಗೆ.

ರಕ್ತದ ರಿಪೋರ್ಟ್ ಒಂದನ್ನೇ ನಂಬಿ ಕೂರುವಂತಿಲ್ಲ, ಗಡ್ಡೆ ತೆಗೆದು ಪರೀಕ್ಷೆ ಮಾಡಿದರೇ ಖಾತ್ರಿ ಎಂದರು ಡಾಕ್ಟರಮ್ಮ. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಗಡ್ಡೆಯ ಜೊತೆ ಗರ್ಭಕೋಶವನ್ನೂ ತೆಗೆದರು. ಮತ್ತೆ ಕಾಯುವ ಕೆಲಸ. ಈ ಸಲ ರಿಪೋರ್ಟು ತರಲು ನಾನೇ ಹೋದೆ, ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ಬಸ್ಸಿನಲ್ಲಿ. ಕೌಂಟರಿನ ಎದುರೇ ಕವರು ಬಿಚ್ಚಿ ನರ್ಸಮ್ಮನಿಗೆ ಹಿಡಿದೆ. "ಕ್ಯಾನ್ಸರ್ ಇಲ್ಲಮ್ಮಾ," ಅಂದರು. ಬಸ್ ಸ್ಟ್ಯಾಂಡಿನಲ್ಲಿ ಕೂತು ಎರಡು ಕಾಫಿ ಕುಡಿದೆ.

ಆಗ ಹೊಳೆಯಿತು. ನಾನೂ ಒಂಬತ್ತು ದಿನ ಹೇಳಬಾರದು. ಆ ಮನುಷ್ಯನೂ ಒಂದಿಷ್ಟು ಬೇಯಲಿ. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕವರಿಗೆ ಮತ್ತೆ ಪಿನ್ ಹೊಡೆಸಿದೆ. ಮನೆಗೆ ಬಂದು, "ಒಳ್ಳೇ ದಿನ ನೋಡಿ ಬಿಚ್ಚೋಣ ಅತ್ತೆ," ಅಂದೆ. ಸೊಸೆಗೆ ಬುದ್ಧಿ ಬಂತೆಂದು ಅವರಿಗೆ ಸಂತೋಷ. ಕವರನ್ನು ನಾನೇ ದೇವರ ಕೋಣೆಗೆ ಒಯ್ದು ವಿಭೂತಿ ತಟ್ಟೆಯ ಕೆಳಗೆ ಇಟ್ಟೆ. ಗರ್ಭಕೋಶವೇ ಇಲ್ಲದ ಮೇಲೆ ಇನ್ನು ನನ್ನನ್ನು ತಡೆಯುವವರು ಯಾರು.

ದಿನ ಎಣಿಸಿದೆ. ಅವರು ಕೇಳಲಿಲ್ಲ. ಅನ್ನ ಬಡಿಸುವಾಗ ಬೇಕೆಂದೇ ಮುಖ ಸಪ್ಪೆ ಮಾಡಿಕೊಂಡೆ. ಆಗಲೂ ಕೇಳಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ, ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದು ಸಾಕಾಗಿ, ನಾನೇ ಬಾಯಿಬಿಟ್ಟೆ.

"ರಿಪೋರ್ಟಲ್ಲಿ ಏನೂ ಇಲ್ವಂತೆ. ಕ್ಯಾನ್ಸರ್ ಅಲ್ವಂತೆ."

"ಗೊತ್ತು ಕಣೇ," ಅಂದರು, ಮುದ್ದೆ ಮುರಿಯುತ್ತ. "ನೀನು ಬಸ್ಸಲ್ಲಿದ್ದಾಗ್ಲೇ ಆಸ್ಪತ್ರೆಗೆ ಫೋನ್ ಹಾಕಿದ್ದೆ. ಸಾರು ಬಿಡು."

ಬಿಟ್ಟೆ. ಇಷ್ಟು ದಿನ ನೀನು ಯಾಕೆ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ಉಂಡು, ಕೈ ತೊಳೆದು, ಹಜಾರದ ಮಂಚದ ಮೇಲೆ ಉರುಳಿದರು. ನಾನು ತಟ್ಟೆ ಎತ್ತಿ ಒಲೆಕಟ್ಟೆ ಒರೆಸುವುದರೊಳಗೆ ಗೊರಕೆ ಶುರುವಾಯಿತು.