ದೊಡ್ಡಮ್ಮನ ಜೊತೆ ಸೈನಿಕರ ಸ್ಮಶಾನಕ್ಕೆ

ನನ್ನ ಅಮ್ಮನ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಮದುವೆಯಾಗಲಿಲ್ಲ. ನಿಶ್ಚಿತಾರ್ಥ ಆಗಿತ್ತು. ಹುಡುಗ ವಾಮದಪದವಿನವರು, ಮಿಲಿಟರಿಯಲ್ಲಿದ್ದರು. ರಜೆ ಸಿಕ್ಕಿದ ಕೂಡಲೇ ಮದುವೆ ಎಂದಿತ್ತು. ಅಷ್ಟರಲ್ಲಿ ಪೂರ್ವದ ಗಡಿಯಲ್ಲಿ ಯುದ್ಧ ಶುರುವಾಯಿತು. ಅವರೂ ಬರಲಿಲ್ಲ, ಅವರ ದೇಹವೂ ಬರಲಿಲ್ಲ. ಅಲ್ಲಿಯೇ ಸುಟ್ಟರಂತೆ. ಈಶಾನ್ಯದ ಒಂದು ಗುಡ್ಡದೂರಿನ ಸೈನಿಕರ ಸ್ಮಶಾನದಲ್ಲಿ ಹೆಸರು ಕೆತ್ತಿ ಕಲ್ಲು ನೆಟ್ಟಿದ್ದಾರೆ ಎಂದು ಅವರ ತಮ್ಮ ಫೋಟೋ ತಂದು ತೋರಿಸಿದ್ದರು.

ದೊಡ್ಡಮ್ಮ ಕಕ್ಕಿಂಜೆಯ ನಮ್ಮ ಮನೆಯಲ್ಲೇ ಉಳಿದರು. ನಮ್ಮನ್ನೆಲ್ಲ ಮೀಯಿಸಿ, ಬೈದು, ದೊಡ್ಡವರನ್ನಾಗಿ ಮಾಡಿದರು. ಕರಿಮಣಿ ಕಟ್ಟಿಸಿಕೊಳ್ಳದವಳು ಯಾರ ಹೆಸರು ಹಿಡಿದು ಅಳಬೇಕು? ಆ ವಿಷಯ ಅವರು ಎತ್ತುತ್ತಲೇ ಇರಲಿಲ್ಲ. ಎತ್ತಿದರೆ ಒಂದೇ ಮಾತು: "ಆ ಕಲ್ಲನ್ನು ಒಮ್ಮೆ ಮುಟ್ಟಿ ಬರಬೇಕಿತ್ತು."

ಹೋದ ವರ್ಷ ಆ ತಮ್ಮ ಮತ್ತೆ ಬಂದರು. ಬೆನ್ನು ಬಾಗಿತ್ತು. ಮನೆಯಲ್ಲಿ ಒಂದರ ಮೇಲೊಂದು ತೊಂದರೆ, ಜೋಯಿಸರಲ್ಲಿ ಕೇಳಿದಾಗ ಅಣ್ಣನ ಪ್ರೇತ ಮದುವೆ ಬಯಸುತ್ತಿದೆ ಎಂದು ಕಂಡಿತಂತೆ. ನಮ್ಮ ಕಡೆ ಈ ಕ್ರಮ ಉಂಟು. ಮದುವೆಯಾಗದೆ ಸತ್ತವರಿಗೆ ಹಾಗೆಯೇ ಸತ್ತ ಹೆಣ್ಣನ್ನು ಹುಡುಕಿ, ಮಂಟಪ ಹಾಕಿ, ಧಾರೆ ಎರೆಸುತ್ತಾರೆ. ಮೂಡುಬಿದಿರೆ ಕಡೆಯ ಒಂದು ಮನೆಯಲ್ಲಿ, ಎಂದೋ ಜ್ವರದಲ್ಲಿ ತೀರಿಹೋದ ಹುಡುಗಿ ಸಿಕ್ಕಿದ್ದಳು.

"ಅಕ್ಕ, ಅಂದು ವೀಳ್ಯ ಬದಲಾಯಿಸಿದ್ದು ನಿಮ್ಮಲ್ಲಿ. ನಿಮ್ಮನ್ನು ಕೇಳದೆ ಮಾಡುವುದು ಹೇಗೆ?" ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ಬದುಕಿರುವವರು ಹೇಗಿದ್ದಾರೆ ಅಂತ ಇಷ್ಟು ವರ್ಷ ಯಾರೂ ಕೇಳ್ಲಿಲ್ಲ" ಎಂದುಬಿಟ್ಟೆ. ದೊಡ್ಡಮ್ಮ ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸಿದರು.

"ಮಾಡಿ. ನಾನೂ ಬರ್ತೇನೆ," ಎಂದರು.

ಆಟಿ ತಿಂಗಳಿನ ಜಡಿಮಳೆಯಲ್ಲಿ ಮದುವೆ ನಡೆಯಿತು. ಎರಡು ಮಣೆ. ಒಂದರ ಮೇಲೆ ಪಂಚೆ, ಶಾಲು. ಇನ್ನೊಂದರ ಮೇಲೆ ಹಸಿರು ಸೀರೆ, ಬಳೆ, ಕರಿಮಣಿ. ದೊಡ್ಡಮ್ಮ ಹೆಂಗಸರ ನಡುವೆ ಕುಳಿತು ಎಲ್ಲವನ್ನೂ ನೋಡಿದರು, ಅಕ್ಷತೆ ಹಾಕಿದರು. ಊಟದಲ್ಲಿ ಪಾಯಸ ಎರಡು ಸಲ ಹಾಕಿಸಿಕೊಂಡರು. ಹಿಂದೆ ಬರುವಾಗ ಬೆಳ್ತಂಗಡಿಯಲ್ಲಿ ಬಸ್ಸಿಗೆ ಕಾಯುತ್ತಾ, "ಆ ಹುಡುಗಿಯ ಅಕ್ಕ ತುಂಬ ಅತ್ತರು, ಪಾಪ" ಎಂದರು.

ಅದನ್ನು ಕೇಳಿ ನಾನು ದೊಡ್ಡಮ್ಮನ ಮುಖ ನೋಡಿದೆ. ಇವರಿಗೂ ಒಮ್ಮೆ ಅಳಲು ಒಂದು ಜಾಗ ಬೇಡವೇ?

"ಮಳೆ ಬಿಟ್ಟ ಮೇಲೆ ಹೋಗುವ ದೊಡ್ಡಮ್ಮ. ಆ ಕಲ್ಲು ಮುಟ್ಟಿ ಬರುವ," ಎಂದೆ. ಅವರು ಬೇಡ ಎನ್ನಲಿಲ್ಲ.

ವಿಮಾನ, ಆಮೇಲೆ ಜೀಪು, ಆಮೇಲೆ ಮೈ ಕೊರೆಯುವ ಚಳಿ. ಸ್ಮಶಾನ ನಾನು ಎಣಿಸಿದ್ದಕ್ಕಿಂತ ದೊಡ್ಡದಿತ್ತು. ಗುಡ್ಡದ ಇಳಿಜಾರಿನುದ್ದಕ್ಕೂ ಒಂದೇ ಎತ್ತರದ ಬಿಳಿ ಕಲ್ಲುಗಳು, ಪ್ರತಿ ಸಾಲಿನ ಮುಂದೆ ಒಂದು ಸರಪಳಿ. ನಮ್ಮನ್ನು ಬಿಟ್ಟರೆ ಬಂದವರು ಯಾರೂ ಇರಲಿಲ್ಲ. ಕಲ್ಲುಗಳ ಮೇಲಿನ ವಯಸ್ಸು ಓದುತ್ತಾ ಹೋದೆ. ಎಲ್ಲರೂ ನನ್ನ ಮಗನಿಗಿಂತ ಚಿಕ್ಕವರು. ಸ್ವಲ್ಪ ಹೊತ್ತಿಗೆ ಓದುವುದನ್ನು ನಿಲ್ಲಿಸಿದೆ.

ಅವರ ಕಲ್ಲು ಸಿಕ್ಕಿತು. ಹೆಸರು ಹಿಂದಿಯಲ್ಲಿತ್ತು. ನಾನು ಓದಿ ಹೇಳಿದೆ. ದೊಡ್ಡಮ್ಮ ಸೆರಗು ಹೊದ್ದು ಸರಪಳಿಯ ಈಚೆ ನಿಂತರು.

"ಹುಲ್ಲು ಒಳ್ಳೆ ಮಾಡಿ ಕತ್ತರಿಸಿದ್ದಾರೆ," ಎಂದರು.

ಕಾವಲಿನ ಸೈನಿಕ ಹತ್ತಿರ ಬಂದ. ಸಂಬಂಧಿಕರಾದರೆ ಒಳಗೆ ಹೋಗಿ ಮುಟ್ಟಬಹುದು ಎಂದು ಹಿಂದಿಯಲ್ಲಿ ಹೇಳಿ, ಸರಪಳಿಯ ಕೊಂಡಿಯನ್ನು ತಾನೇ ಬಿಚ್ಚಿದ. ನಂತರ ದೊಡ್ಡಮ್ಮನ ಕಡೆ ನೋಡಿ, ಈ ಕಲ್ಲಿನವರು ನಿಮಗೆ ಏನಾಗಬೇಕು ಎಂದು ಕೇಳಿದ. ನಾನು ಅದನ್ನು ಅವರಿಗೆ ಹೇಳಿದೆ. "ನಿಶ್ಚಯವಾದ ಹೆಣ್ಣು ಅಂತ ಹೇಳ್ತೇನೆ. ನೀವು ಹೋಗಿ," ಎಂದೆ.

ದೊಡ್ಡಮ್ಮ ನನ್ನ ಕೈ ಹಿಡಿದರು. ಅವರ ಬೆರಳುಗಳು ತಣ್ಣಗಿದ್ದವು.

"ಬೇಡ. ಊರಿನವರು ಅಂತ ಹೇಳು. ಅವರಿಗೆ ಈಗ ಹೆಂಡತಿ ಉಂಟು."

ನಾನು ಹಾಗೆಯೇ ಹೇಳಿದೆ, ಊರಿನವರು ಎಂದಷ್ಟೆ. ಅವನು ತಲೆಯಾಡಿಸಿ ಕೊಂಡಿಯನ್ನು ಮತ್ತೆ ಸಿಕ್ಕಿಸಿದ.