ಗಡ್ಡಕ್ಕೆ ಬಾಳೆಹಣ್ಣಿನ ಪರೀಕ್ಷೆ

ಕುವೈತಿಗೆ ಸೇಫ್ಟಿ ಆಫೀಸರ್ ಆಗಿ ಹೋದಾಗ ನನ್ನ ಮುಖದ ತುಂಬ ಗಡ್ಡವಿತ್ತು. ಗದಗಿನಲ್ಲಿ ಹೆಂಡತಿ ಬಸುರಿ. ಬಸುರಿಯ ಗಂಡ ಹೆರಿಗೆಯಾಗುವವರೆಗೆ ಕ್ಷೌರ ಮಾಡಿಸಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಹಿಂದಿನ ಸಲ ಬಸಿರು ನಿಂತಿರಲಿಲ್ಲವಾದ್ದರಿಂದ ಈ ಸಲ ಅವ್ವ ಯಾವ ಶಾಸ್ತ್ರವನ್ನೂ ಬಿಡಲು ತಯಾರಿರಲಿಲ್ಲ. ಗಡ್ಡಕ್ಕೂ ಬಸಿರಿಗೂ ಏನು ಸಂಬಂಧ ಎಂದು ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ, ಒಳಗೊಳಗೆ ನನಗೂ ಪುಕುಪುಕು ಇತ್ತು.

ಮಂಗಫ್ ಎಂಬ ಊರಿನ ನನ್ನ ಕೋಣೆಯಿಂದ ಕಂಪನಿ ಬಸ್ಸು ಹತ್ತಿ ರಿಫೈನರಿಗೆ ಹೋದ ಮೊದಲ ದಿನವೇ ಮುಖವಾಡದ ಪರೀಕ್ಷೆ. ಅಲ್ಲಿ ವಿಷದ ಗ್ಯಾಸು ಸೋರುವ ಭಯವಿರುವುದರಿಂದ ಇದು ಎಲ್ಲರಿಗೂ ಕಡ್ಡಾಯ. ಮುಖವಾಡ ಹಾಕಿಸಿ, ತಲೆಯ ಮೇಲೊಂದು ಪ್ಲಾಸ್ಟಿಕ್ ಮುಸುಕು ಇಳಿಬಿಟ್ಟು, ಅದರೊಳಗೆ ಬಾಳೆಹಣ್ಣಿನ ವಾಸನೆಯ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಡುತ್ತಾರೆ. ವಾಸನೆ ಬಂದರೆ ಮುಖವಾಡ ಸೋರುತ್ತಿದೆ ಎಂದರ್ಥ. ಗಡ್ಡದ ಸಂದಿಯಿಂದ ನುಸುಳಿ ನನ್ನ ಮೂಗಿಗೆ ಬಾಳೆಹಣ್ಣೇನು, ಇಡೀ ಬಾಳೆಯ ತೋಟವೇ ಬಡಿಯಿತು.

ಈಜಿಪ್ಟಿನ ನಮ್ಮ ಮ್ಯಾನೇಜರು ನನ್ನ ಗಲ್ಲಕ್ಕೆ ಬೆರಳು ತೋರಿಸಿ, ಒಂದು ವಾರದಲ್ಲಿ ಇದು ಖಲಾಸ್ ಆಗಬೇಕು, ಇಲ್ಲವಾದರೆ ನಿನ್ನ ನೌಕರಿ ಖಲಾಸ್ ಎಂದ. ನ್ಯಾಯವೇ. ಗಡ್ಡ ಬೋಳಿಸಿಕೊಳ್ಳಿ ಎಂದು ಕೆಲಸದವರಿಗೆ ಹೇಳಬೇಕಾದವನೇ ಗಡ್ಡ ಬಿಟ್ಟುಕೊಂಡು ನಿಂತರೆ ಆಚಾರ ಹೇಳಿ ಬದನೆಕಾಯಿ ತಿಂದ ಹಾಗೆ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಮ್ಯಾನೇಜರ ಮೇಲೆ ಸಿಟ್ಟು, ಆ ಎಣ್ಣೆಯ ಮೇಲೆ ಸಿಟ್ಟು, ಸಾಲದ್ದಕ್ಕೆ ಬಾಳೆಹಣ್ಣಿನ ಮೇಲೂ ಸಿಟ್ಟು.

ನನ್ನ ಕೋಣೆಯಲ್ಲಿದ್ದ ಮಂಗಳೂರಿನ ಗೆಳೆಯ, ಸುಮ್ಮನೆ ಬೋಳಿಸು ಮಾರಾಯ, ಅಷ್ಟು ದೂರದಿಂದ ನಿನ್ನ ಮನೆಯವರಿಗೆ ಕಾಣ್ತದಾ ಎಂದ. ಪಾಪ, ಅವನಿಗೆ ನಮ್ಮವ್ವ ಗೊತ್ತಿಲ್ಲ. ಫೋನಿನಲ್ಲಿ ನನ್ನ ಕೆಮ್ಮು ಕೇಳಿಯೇ ಏನು ತಿಂದಿದ್ದೇನೆಂದು ಹೇಳುವ ಹೆಂಗಸು. ಫೋನ್ ಕಾರ್ಡು ತಂದು ಅವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಎಲ್ಲ ಕೇಳಿದ ಅವ್ವ, ಆ ಗ್ಯಾಸು ಕುಡಿದರೆ ಏನಾಗುತ್ತದೆ ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಜಾಸ್ತಿಯಾದರೆ ಮನುಷ್ಯ ನಿಂತಲ್ಲೇ ಬೀಳುತ್ತಾನೆ ಎಂದೆ.

“ಹಂಗಾದ್ರ ಬೋಳಿಸು,” ಎಂದಳು. “ಮನ್ಯಾಗ ಗಂಡಸ್ರು ಯಾರರೇ ಒಬ್ರು ಬಿಟ್ರ ಆತು. ನಿಮ್ಮಪ್ಪ ಬಿಡ್ತಾರ.”

ನಾನು ನಕ್ಕುಬಿಟ್ಟೆ. ಅಪ್ಪ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ಲು. ದಾಡಿ ಮಾಡಿಕೊಳ್ಳದೆ ಹೊಸ್ತಿಲು ದಾಟಿದವರಲ್ಲ. ಅವರನ್ನು ಒಂದು ಮಾತು ಕೇಳದೆಯೇ ಅವ್ವನ ಆರ್ಡರು ಹೊರಟಿತ್ತು.

ನಾನು ಇಲ್ಲಿ ನುಣ್ಣಗೆ ಬೋಳಿಸಿಕೊಂಡು ಪಾಸಾದೆ. ಅಲ್ಲಿ ಅಪ್ಪನ ಗಡ್ಡ ಬೆಳೆಯಿತು. ಕಟ್ಟೆಯ ಮೇಲಿನ ಗೆಳೆಯರು, ಏನ್ರೀ ಸಾಹೇಬ್ರ, ಈ ವಯಸ್ಸಿನಾಗ ಮನ್ಯಾಗ ಏನರೇ ವಿಶೇಷ ಐತೇನು ಎಂದು ಕಾಡಿದರಂತೆ. ಅವ್ವ ನಾಚಿಕೊಂಡು ಕೆಲವು ದಿನ ಗುಡಿಯ ಕಡೆ ತಲೆ ಹಾಕಲಿಲ್ಲವಂತೆ. ಅಪ್ಪ ಮಾತ್ರ ಯಾರಿಗೂ ಕಾರಣ ಹೇಳದೆ ಗಡ್ಡ ಕೆರೆದುಕೊಳ್ಳುತ್ತ ಓಡಾಡುತ್ತಿದ್ದರಂತೆ. ಇದನ್ನೆಲ್ಲ ಹೆಂಡತಿ ಫೋನಿನಲ್ಲಿ ಹೇಳುವಾಗ ನಮ್ಮಿಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ. ಮಂಗಳೂರಿನ ಗೆಳೆಯ ನನ್ನ ಕ್ಷೇಮ ಕೇಳುವುದು ಬಿಟ್ಟು ಅಪ್ಪನ ಗಡ್ಡ ಎಲ್ಲಿಗೆ ಬಂತು ಎಂದು ಕೇಳತೊಡಗಿದ.

ಮಗಳು ಹುಟ್ಟಿದಳು. ನಾನು ಫೋನ್ ಮಾಡಿದಾಗ ಅಪ್ಪನೇ ಎತ್ತಿಕೊಂಡು, ತಾಯಿ ಮಗು ಇಬ್ಬರೂ ಆರಾಮ ಇದ್ದಾರೆ ಎಂದರು. ಸಂತೋಷದ ಭರದಲ್ಲಿ, ಇನ್ನು ಗಡ್ಡ ತೆಗೆಸಿಬಿಡಿ ಅಪ್ಪಾ, ನಿಮ್ಮ ಡ್ಯೂಟಿ ಮುಗಿಯಿತು ಎಂದೆ.

“ನಿನ್ನ ಕೂಸೇನೋ ಬಂತು,” ಎಂದರು ಅಪ್ಪ. “ನನ್ನ ಕೂಸು ಇನ್ನೂ ಆ ಗ್ಯಾಸಿನಾಗ ಐತಲ್ಲ. ಅದೊಂದು ಸುಕ್ಷೇಮ ಮನಿಗೆ ಬರ್ಲಿ, ಆಮ್ಯಾಲೆ ತಗಸೂಣು.”