ಒಕ್ಕಣ್ಣಿಯ ಕತ್ತಿ

ನನ್ನ ಅಕ್ಕ ಲಾಂಡ್ರಿಯಲ್ಲಿ ಕಲೆ ತೆಗೆಯುವವಳು. ಮಸಿ, ಎಣ್ಣೆ, ಗ್ರೀಸು, ರಕ್ತ, ಏನೇ ಅಂಟಿದ ಬಟ್ಟೆಯಾದರೂ ಮೊದಲು ಅವಳ ಮೇಜಿಗೆ ಹೋಗಬೇಕು. ಅವಳು ಕಲೆಯನ್ನು ಬೆಳಕಿಗೆ ಹಿಡಿದು, ಬಟ್ಟೆ ತಂದವರನ್ನು ಒಮ್ಮೆ ಗುರಾಯಿಸಿ, ಆಮೇಲೆ ಬ್ರಷ್ಷು ಎತ್ತಿಕೊಳ್ಳುತ್ತಾಳೆ. ಗಿರಾಕಿಗಳಿಗೆ ಅವಳನ್ನು ಕಂಡರೆ ಆಗುವುದಿಲ್ಲ, ಅವಳಿಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರು ಇನ್ನೊಂದು ಸಲ ಕೇಳಿಲ್ಲ. ಅದೇ ಲಾಂಡ್ರಿಯ ಕೌಂಟರಿನಲ್ಲಿ ಬಟ್ಟೆಗಳಿಗೆ ಚೀಟಿ ಇಟ್ಟು ಪಿನ್ನು ಹೊಡೆಯುವವಳು ನಾನು. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ, ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ, ಹಾಗಾಗಿ ನಮ್ಮ ಮನೆಯ ತಟ್ಟೆ ಲೋಟಗಳಿಗೆ ಬಾಳಿಕೆ ಕಡಿಮೆ.

ಇಂಥವಳು ಪ್ರತಿ ಭಾನುವಾರ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಹೋಗುತ್ತಿದ್ದುದು ಕತ್ತಿ ಮತ್ತು ಮಾಟದ ಕತೆ ಬರೆಯುವವರ ಕೂಟಕ್ಕೆ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆ. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರಗಳು, ಅದರ ಕೆಳಗೆ ಮೇಜು, ಮೇಜಿನ ಸುತ್ತ ಹೊಟ್ಟೆ ಬಂದ ಗಂಡಸರು. ಲಿಫ್ಟ್ ರಿಪೇರಿಯವನೊಬ್ಬ, ಪಿಶಾಚಿಗಳ ಬಗ್ಗೆ ಮಾತ್ರ ಬರೆಯುವ ಭೂಗೋಳದ ಮೇಷ್ಟ್ರೊಬ್ಬರು, ಇನ್ನೂ ಒಂದಿಬ್ಬರು. ಅಂಗಡಿಯ ಯಜಮಾನನನ್ನು ಎಲ್ಲರೂ ಸಂಪಾದಕರು ಎನ್ನುತ್ತಿದ್ದರು, ಏಕೆಂದರೆ ಕತೆಗಳನ್ನು ಜೆರಾಕ್ಸ್ ಮಾಡಿಸಿ ಪಿನ್ನು ಹೊಡೆದು ಹಂಚುತ್ತಿದ್ದವನು ಅವನು. ಪಿನ್ನು ಹೊಡೆದವರೆಲ್ಲ ಸಂಪಾದಕರಾದರೆ ನಾನೂ ಸಂಪಾದಕಿಯೇ.

ಅವರು ಬರೆಯುತ್ತಿದ್ದುದು ಎಲ್ಲರಿಗೂ ಸೇರಿದ ಒಂದೇ ಲೋಕದ ಕತೆ, ಸರದಿಯ ಮೇಲೆ. ಒಬ್ಬರ ಪಾತ್ರ ಇನ್ನೊಬ್ಬರ ಕತೆಯಲ್ಲಿ ಓಡಾಡಬಹುದಿತ್ತು. ಮೇಜಿನ ಮುಂದೆ ಓದಿದ್ದು ಆ ಲೋಕದಲ್ಲಿ ನಡೆದುಹೋದಂತೆಯೇ, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಸತ್ತವರು ಎದ್ದು ಬರುವ ಹಾಗಿಲ್ಲ, ಬಾಯಿ ಬಿಡುವ ಹಾಗೂ ಇಲ್ಲ. ಈ ಕೊನೆಯ ನಿಯಮ ಸಂಪಾದಕನದ್ದು. ಮೇಷ್ಟ್ರು ತಾವೇ ಕೊಂದವರನ್ನೆಲ್ಲ ಮುಂದಿನ ವಾರವೇ ಎಬ್ಬಿಸಿ ಕೂರಿಸುತ್ತಿದ್ದರಂತೆ, ಅದಕ್ಕೆ ರೋಸಿಹೋಗಿ ಮಾಡಿದ್ದು.

ಅಕ್ಕನ ಪಾತ್ರ ಒಕ್ಕಣ್ಣಿ. ಮಾಟಗಾರರ ಊರುಗಳಲ್ಲಿ ಕತ್ತಿ ಹಿಡಿದು ಒಬ್ಬಳೇ ತಿರುಗುವವಳು, ಯಾರಿಗೂ ತಲೆ ಬಾಗದವಳು. ಮನೆಯಲ್ಲೂ ಅವಳದೇ ಸುದ್ದಿ. ಒಕ್ಕಣ್ಣಿ ಆಗಿದ್ದರೆ ಈ ಮನೆ ಮಾಲೀಕನನ್ನು ಹೀಗೆ ಮಾತಾಡಲು ಬಿಡುತ್ತಿರಲಿಲ್ಲ, ಒಕ್ಕಣ್ಣಿ ಇಂಥ ಸಾರು ತಿನ್ನುತ್ತಿರಲಿಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಅಕ್ಕನಿಗೆ ಮನಸಾರೆ ಬೇಕಾಗಿದ್ದವಳು ಅವಳೊಬ್ಬಳೇ.

ಸಂಪಾದಕನ ಪಾತ್ರ ಸಿಡಿಲುಗೈ. ಅವನ ತೋಳಿನ ವರ್ಣನೆಗೇ ಒಂದು ಪುಟ ಹೋಗುತ್ತಿತ್ತು. ಒಂದು ಭಾನುವಾರ ಅಕ್ಕ, "ಇವನು ಕತ್ತಿ ಎತ್ತೋದರೊಳಗೆ ನಂದು ಒಂದು ನಿದ್ದೆ ಆಗುತ್ತೆ" ಎಂದಳು. ಲಿಫ್ಟಿನವನು ನಕ್ಕುಬಿಟ್ಟ. ಆ ನಗುವನ್ನು ಸಂಪಾದಕ ಮರೆಯಲಿಲ್ಲ. ತನ್ನ ಮುಂದಿನ ಸರದಿಯಲ್ಲಿ ಮಾಟಗಾರನೊಬ್ಬನಿಂದ ಒಕ್ಕಣ್ಣಿಯ ಕತ್ತಿಗೆ ಶಾಪ ಹಾಕಿಸಿದ: ಈ ಕತ್ತಿಯಿಂದ ಯಾರು ಯಾರನ್ನು ಕೊಂದರೂ, ಕೊಂದವರು ಸತ್ತವರ ಆಳು. ಸತ್ತವರು ಬಾಯಿ ಬಿಟ್ಟು ಅಪ್ಪಣೆ ಕೊಡುವ ತನಕ ಹೆಣದ ಪಕ್ಕದಿಂದ ಕದಲುವಂತಿಲ್ಲ. ಸತ್ತವರು ಬಾಯಿ ಬಿಡುವುದಿಲ್ಲವಲ್ಲ, ಹಾಗಾಗಿ ಒಕ್ಕಣ್ಣಿ ಒಬ್ಬನನ್ನು ಕೊಂದರೂ ಅವಳ ಕತೆ ಅಲ್ಲಿಗೆ ಮುಗಿಯಿತು.

ಅಕ್ಕ ಜಗ್ಗಲಿಲ್ಲ. ಬೇರೆ ಕತ್ತಿಯನ್ನೂ ಕೊಡಿಸಲಿಲ್ಲ, ಹಠ. ಅಲ್ಲಿಂದ ಮುಂದೆ ಒಕ್ಕಣ್ಣಿ ಶತ್ರುಗಳನ್ನು ಕತ್ತಿಯ ಒರೆಯಿಂದ ಬಡಿದಳು, ಬಾವಿಗೆ ತಳ್ಳಿದಳು, ಒಬ್ಬ ದೈತ್ಯನನ್ನಂತೂ ಹಂಡೆಯ ಮುಚ್ಚಳದಿಂದ ಮುಗಿಸಿದಳು. ಕೂಟದವರು ಅಕ್ಕನ ಸರದಿ ಯಾವಾಗ ಎಂದು ಕಾಯತೊಡಗಿದರು. ಸಂಪಾದಕನಿಗೆ ಮೈಯೆಲ್ಲ ಉರಿ.

ಮನೆಯ ಬೀಗದ ಕೈ ಅಕ್ಕನ ಹತ್ತಿರ ಉಳಿದಿತ್ತೆಂದು ಒಂದು ಭಾನುವಾರ ನಾನೂ ಅಲ್ಲಿಗೆ ಹೋಗಿ ಬಾಗಿಲ ಬಳಿ ಕೂತೆ. ಸಂಪಾದಕ ಓದುತ್ತಿದ್ದ. ಸಿಡಿಲುಗೈ ಬೆಟ್ಟದ ಮೇಲೆ ಒಕ್ಕಣ್ಣಿಯನ್ನು ಅಡ್ಡಗಟ್ಟಿದನಂತೆ. ಒಕ್ಕಣ್ಣಿ ಗಡಗಡ ನಡುಗಿ, ಅತ್ತು ಕರೆದು, ಅವನ ಕಾಲು ಹಿಡಿದಳಂತೆ. ಅವನು ಅವಳ ಸೊಂಟದ ಕತ್ತಿಯನ್ನೇ ಕಿತ್ತು ಅವಳ ತಲೆ ಹಾರಿಸಿದನಂತೆ. ಓದಿ ಮುಗಿಸಿ ನೀರು ಕುಡಿದ. ಅಕ್ಕನ ಮುಖ ಒಗೆದ ಬಟ್ಟೆಯ ಹಾಗೆ ಬಿಳಿಚಿತ್ತು. ಎದ್ದು ಹೋಗಿ ಅವನ ಕನ್ನಡಕ ಪುಡಿ ಮಾಡೋಣ ಅನ್ನಿಸಿತು ನನಗೆ. ಅಂಗಡಿಯಲ್ಲಿ ಬೇರೆ ಬೇಕಾದಷ್ಟು ಇದ್ದವಲ್ಲ ಎಂದು ಸುಮ್ಮನಾದೆ.

"ಯಾವ ಕತ್ತಿಯಿಂದ?" ಎಂದಳು ಅಕ್ಕ.

"ಓದಿದೆನಲ್ಲ. ನಿಮ್ಮವಳ ಕತ್ತಿಯಿಂದಲೇ," ಎಂದ ಸಂಪಾದಕ, ತುಟಿ ಒರೆಸಿಕೊಳ್ಳುತ್ತ.

ಲಿಫ್ಟಿನವನು ಬಾಯಿಗೆ ಕೈ ಅಡ್ಡ ಹಿಡಿದ. ಮೇಷ್ಟ್ರು ಮೆಲ್ಲಗೆ, "ಆ ಕತ್ತಿಗೆ ಶಾಪ ಇದೆಯಲ್ರೀ. ನೀವೇ ಹಾಕಿಸಿದ್ದು" ಎಂದರು.

ಸಂಪಾದಕನ ಕೈ ಲೋಟದ ಮೇಲೇ ನಿಂತಿತು. "ಅದು... ಬೇರೆ ಕತ್ತಿ ಅಂತ ತಿದ್ದಿಕೊಂಡರಾಯ್ತು."

"ಮೇಜಿನ ಮುಂದೆ ಓದಿ ಆಯ್ತಲ್ಲ ಸಾರ್," ಎಂದ ಲಿಫ್ಟಿನವನು.

ಸಿಡಿಲುಗೈ ಒಕ್ಕಣ್ಣಿಯ ಹೆಣದ ಪಕ್ಕ ಕೂತ. ಕೂತವನು ಕೂತೇ ಇದ್ದ. ಮುಂದಿನ ಸರದಿಗಳಲ್ಲಿ ಯಾರೂ ಅವನನ್ನು ಮುಟ್ಟಲಿಲ್ಲ, ಸಂಪಾದಕನಿಗೆ ಬರೆಯಲು ಬೇರೆ ಪಾತ್ರವೇ ಇರಲಿಲ್ಲ. ಅಕ್ಕ ಕೂಟಕ್ಕೆ ಹೋಗುವುದನ್ನೇ ಬಿಟ್ಟಳು. ಮನೆಯಲ್ಲಿ ಕೊಟ್ಟದ್ದನ್ನು ತಿಂದು ಗೋಡೆ ನೋಡುತ್ತ ಕೂರುತ್ತಿದ್ದಳು. ಒಂದು ಲೋಟವೂ ಒಡೆಯಲಿಲ್ಲ. ನನಗೆ ಭಯವಾಯಿತು.

ಒಂದು ಬೆಳಿಗ್ಗೆ ಸಂಪಾದಕ ಕೋಟೊಂದನ್ನು ಹಿಡಿದುಕೊಂಡು ಲಾಂಡ್ರಿಗೆ ಬಂದ. ಕೋಟಿನ ಮೇಲೆ ಒಂದು ಕಲೆಯೂ ಇರಲಿಲ್ಲ.

"ನಿಮ್ಮ ಅಕ್ಕನ ಹತ್ರ ಮಾತಾಡ್ಬೇಕು," ಎಂದ. ಅಕ್ಕ ಒಳಗಿನಿಂದ ಬಂದು ನಿಂತಳು.

"ಸತ್ತವರು ಏಳಬಾರದು ಅನ್ನೋ ಆ ನಿಯಮ ತೆಗೆದುಬಿಡೋಣ ಮೇಡಂ. ನಿಮ್ಮವಳು ಎದ್ದು ಬರಲಿ, ನನ್ನವನಿಗೆ ಅಪ್ಪಣೆ ಕೊಡಲಿ. ಉಳಿದವರೆಲ್ಲ ಒಪ್ಪಿದ್ದಾರೆ, ನೀವು ಹೂಂ ಅಂದರೆ ಸಾಕು."

ಹೂಂ ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆ ಒಕ್ಕಣ್ಣಿ ಮನೆಗೆ ಬಂದು ನನ್ನ ಸಾರನ್ನು ಬೈದರೂ ಪರವಾಗಿಲ್ಲ ಅನ್ನಿಸಿತ್ತು.

"ಅವಳು ನಿಮ್ಮವನ ಕಾಲು ಹಿಡಿದಳು ಅಂತ ಓದಿದ್ರಲ್ಲ, ಅದು?" ಎಂದಳು ಅಕ್ಕ.

ಸಂಪಾದಕ ಕೋಟಿನ ಗುಂಡಿ ತಿರುವಿದ. "ಅದು ಇರಲಿ ಬಿಡಿ. ಚೆನ್ನಾಗಿ ಬಂದಿದೆ ಆ ಭಾಗ."

"ಹಾಗಾದರೆ ಅವಳು ಅಲ್ಲೇ ಮಲಗಿರಲಿ. ನಿಮ್ಮವನು ನೊಣ ಓಡಿಸ್ಕೊಂಡು ಕೂತಿರಲಿ."

ಅವನು ಮೆಟ್ಟಿಲಿಳಿದು ಹೋದ. ಕೋಟು ಕೌಂಟರಿನ ಮೇಲೇ ಉಳಿಯಿತು. ಅಕ್ಕ ಮೇಜಿಗೆ ಮರಳಿ ರಕ್ತದ ಕಲೆಯಿದ್ದ ದಿಂಬಿನ ಚೀಲವೊಂದಕ್ಕೆ ತಣ್ಣೀರು ಸುರಿದಳು.

ನನಗೆ ತಡೆಯಲಾಗಲಿಲ್ಲ. "ಬರ್ತಿದ್ದಳಲ್ಲೇ ನಿನ್ನವಳು. ಹೂಂ ಅನ್ನೋಕೆ ಏನಾಗಿತ್ತು ನಿನಗೆ?"

"ಅವಳು ಎದ್ದರೆ ಅವನೂ ಏಳ್ತಾನೆ ಕಣೇ," ಎಂದಳು.

ಹೇಳಿ ಉಜ್ಜತೊಡಗಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ತುಂಬ ಸೋಪು. ನಾನು ಎದ್ದು ಹೋಗಿ ಆ ಕೋಟಿನ ತೋಳಿನಿಂದಲೇ ಅವಳ ಮುಖ ಒರೆಸಿದೆ.